ಹಳೇ ಜೀಪಿಗೆ ಯಾವ ಕ್ರೌನ್-ಪಿನಿಯನ್?

ಮಲೆನಾಡಿನ ಏರಿನಲ್ಲಿ ಅಡಿಕೆ ಮೂಟೆ ಹೊರುವ ಹಳೇ ಮಹೀಂದ್ರಾ ಜೀಪಿಗೆ ನಾನು ಹೇಳೋದು 43/8 ಹಲ್ಲಿನ ಕ್ರೌನ್-ಪಿನಿಯನ್ನೇ (ಆಕ್ಸಲ್ಲಿನೊಳಗೆ ಎಂಜಿನ್ನಿನ ಸುತ್ತನ್ನು ಚಕ್ರಗಳಿಗೆ ದಾಟಿಸುವ ಹಲ್ಲುಚಕ್ರಗಳ ಜೋಡಿ: ದೊಡ್ಡದು ಕ್ರೌನ್, ಚಿಕ್ಕದು ಪಿನಿಯನ್), ಅಂದರೆ ಕ್ರೌನ್ ಒಂದು ಸುತ್ತಿಗೆ ಪಿನಿಯನ್ 5.38 ಸುತ್ತು. ಹೆದ್ದಾರಿ ಓಡಾಟವೇ ಹೆಚ್ಚಿದ್ದರೆ 39/8 (4.88) ಒಳ್ಳೇದು. 28 ಇಂಚಿನ ಟೈರಿದ್ದರೆ, ಟಾಪ್ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ ಎಂಜಿನ್ ಸುತ್ತು ಸುಮಾರು 2,400ರಿಂದ 2,200ಕ್ಕೆ ಇಳಿಯುತ್ತೆ. 31 ಇಂಚಿನ ಟೈರ್ ಹಾಕಿದ್ದೀರಾ? ಅದರಿಂದಲೇ ಅಷ್ಟು ಇಳಿದಿರುತ್ತೆ. ಮೇಲೆ 39/8 ಬೇರೆ ಹಾಕಿದರೆ ಏರಿನಲ್ಲಿ ಕ್ಲಚ್‌ಗೆ ಕಷ್ಟ.

ಈಗ ಯಾವುದಿದೆ ಅಂತ ನೋಡಲು ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದೇ ಹಿಂಚಕ್ರವನ್ನು ಜಾಕಿಯಲ್ಲಿ ಎತ್ತಿ, ನ್ಯೂಟ್ರಲ್‌ನಲ್ಲಿಡಿ. ಪ್ರೊಪೆಲ್ಲರ್ ಶಾಫ್ಟಿಗೆ (ಗೇರ್‌ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲ್ಲಿಗೆ ಬರುವ ಉದ್ದನೆಯ ದಂಡ) ಸೀಮೆಸುಣ್ಣದ ಗುರುತು ಹಾಕಿ. ಇನ್ನೊಂದು ಹಿಂಚಕ್ರ ನಿಂತಿರೋದರಿಂದ ಎತ್ತಿದ ಚಕ್ರದ ಎರಡು ಸುತ್ತಿಗೆ ಕ್ರೌನ್ ಒಂದೇ ಸುತ್ತು. ಚಕ್ರ ಸರಿಯಾಗಿ ಎರಡು ಸುತ್ತು ತಿರುಗಿದಾಗ ಶಾಫ್ಟ್ ಐದು ದಾಟಿ ಇನ್ನೂ ಮೂರನೇ ಒಂದು ಸುತ್ತು ಹೋದರೆ 43/8. ಐದಕ್ಕೆ ತುಸು ಮೊದಲೇ ನಿಂತರೆ 39/8.

ಫೋರ್‌ವೀಲ್ ಜೀಪಾದರೆ ಮುಂದಿನ ಆಕ್ಸಲ್ಲಿಗೂ ಅದೇ ಹಾಕಿಸಲೇಬೇಕು. ಕ್ರೌನ್, ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ಕೊಳ್ಳಿ.