ಫೀಸು ತಿಳಿಯುವ ಮೊದಲೇ ಮಾತು ಕೊಡಬಹುದೇ? ಅಮೆರಿಕದ ‘ಅರ್ಲಿ ಡಿಸಿಷನ್’ ಅರ್ಜಿಗೆ ಸಹಿ ಹಾಕುವ ಮುನ್ನ

ನಮ್ಮ ಸಿಇಟಿ ಸೀಟು ಹಂಚಿಕೆಯಲ್ಲಿ ‘ಚಾಯ್ಸ್ 1’ ಒತ್ತುವಾಗ ಎಂಥವರಿಗೂ ಕೈ ನಡುಗುತ್ತದೆ. ಒತ್ತಿದರೆ ಆ ಸೀಟೇ ಗಟ್ಟಿ, ಮುಂದಿನ ಸುತ್ತು ಇಲ್ಲ. ಆದರೂ ಅಲ್ಲಿ ಕಾಲೇಜು ಯಾವುದು, ಫೀಸೆಷ್ಟು ಎಂಬುದಾದರೂ ಕಣ್ಣೆದುರಿಗೆ ಇರುತ್ತದೆ. ಅಮೆರಿಕದ ಕಾಲೇಜುಗಳಿಗೆ ಸೇರಲು ಇರುವ ‘ಅರ್ಲಿ ಡಿಸಿಷನ್’ ಎಂಬ ದಾರಿಯಲ್ಲಿ ಅದೂ ಇಲ್ಲ. ‘ಸೀಟು ಕೊಟ್ಟರೆ ನಿಮ್ಮಲ್ಲಿಗೇ ಬರುತ್ತೇನೆ’ ಎಂದು ಮೊದಲೇ ಸಹಿ ಹಾಕಬೇಕು. ಮಗಳು, ಅಪ್ಪ ಅಥವಾ ಅಮ್ಮ, ಶಾಲೆಯ ಕೌನ್ಸೆಲರ್ ಮೂವರೂ ಹಾಕಬೇಕು. ಫೀಸು, ಖರ್ಚಿಗೆ ಕಾಲೇಜಿನಿಂದ ಎಷ್ಟು ಹಣದ ನೆರವು ಸಿಗುತ್ತದೆ ಎಂಬುದು ಆಮೇಲಿನ ಮಾತು.

ಹಾಗಿದ್ದೂ ಜನ ಯಾಕೆ ಹಾಕುತ್ತಾರೆ? ಹಲವು ಕಾಲೇಜುಗಳಲ್ಲಿ ಈ ದಾರಿಯಲ್ಲಿ ಬಂದವರಿಗೆ ಸೀಟು ಸಿಗುವ ಪ್ರಮಾಣ ಜಾಸ್ತಿ. ಆಸೆ ಹುಟ್ಟುವುದು ಸಹಜ. ಆದರೆ ಮನೆಯಲ್ಲಿ ದುಡ್ಡಿನ ಯೋಚನೆ ಇದ್ದರೆ ಈ ಕ್ರಮದಲ್ಲಿ ಹೆಜ್ಜೆ ಇಡಿ.

1. ಯಾವ ಅರ್ಜಿ ಎಂದು ಮೊದಲು ಗುರುತಿಸಿ. ಅರ್ಲಿ ಡಿಸಿಷನ್‌ಗೆ ಸಾಮಾನ್ಯವಾಗಿ ನವೆಂಬರ್ 1 ಅಥವಾ 15 ಕೊನೆಯ ದಿನ. ಡಿಸೆಂಬರ್ ಮಧ್ಯಕ್ಕೆ ಫಲಿತಾಂಶ. ಕೆಲವು ಕಡೆ ಜನವರಿಯಲ್ಲಿ ಇದರದ್ದೇ ಎರಡನೇ ಸುತ್ತೂ ಇದೆ. ‘ಅರ್ಲಿ ಆ್ಯಕ್ಷನ್’ ಬೇರೆ: ಬೇಗ ಅರ್ಜಿ, ಬೇಗ ಉತ್ತರ, ಆದರೆ ಕಟ್ಟುಪಾಡಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಬೇಗ ಹಾಕಿದರೆ ಬೇರೆ ಖಾಸಗಿ ಕಾಲೇಜುಗಳಿಗೆ ಬೇಗ ಹಾಕಲು ನಿರ್ಬಂಧವಿದೆ. ಆದರೆ ಸೀಟು ಸಿಕ್ಕಿದರೆ ಸೇರಲೇಬೇಕೆಂದಿಲ್ಲ, ಮೇ 1ರವರೆಗೆ ಯೋಚಿಸಬಹುದು. ಹೆಸರಲ್ಲಿ ಎರಡಕ್ಕೂ ‘ಅರ್ಲಿ’ ಇರುವುದರಿಂದ ಗೊಂದಲ ಆಗುತ್ತದೆ, ಹುಷಾರು.

2. ಪೂರ್ತಿ ಖರ್ಚು ಬರೆಯಿರಿ. ಬರೀ ಟ್ಯೂಷನ್ ನೋಡಬೇಡಿ. ವಸತಿ, ಊಟ, ಆರೋಗ್ಯ ವಿಮೆ, ವಿಮಾನದ ಟಿಕೆಟ್ ಎಲ್ಲ ಸೇರಿಸಿ. ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಇದು ವರ್ಷಕ್ಕೆ 80,000 ಡಾಲರ್ ದಾಟುತ್ತದೆ. ಡಾಲರಿಗೆ 85 ರೂಪಾಯಿ ಹಿಡಿದರೂ 68 ಲಕ್ಷ. ನಾಲ್ಕು ವರ್ಷಕ್ಕೆ ಗುಣಿಸಿ ನೋಡಿ, 2.72 ಕೋಟಿ. ಈಗ ಮನೆಯವರೆಲ್ಲ ಕೂತು ‘ನಮ್ಮಿಂದ ವರ್ಷಕ್ಕೆ ಇಷ್ಟು’ ಎಂಬ ಒಂದು ಅಂಕಿಯನ್ನು ಹಾಳೆಯ ಮೇಲೆ ಬರೆಯಿರಿ. ಮಗಳ ಎದುರಿಗೇ ಬರೆಯಿರಿ. ‘ಹೆಂಗೋ ಹೊಂದಿಸ್ತೀವಿ ಬಿಡು’ ಎಂಬ ಅಪ್ಪನ ಮಾತು ಅಂಕಿಯಲ್ಲ.

3. ಕಾಲೇಜು ನಿಮ್ಮನ್ನು ಯಾವ ಕಣ್ಣಿನಿಂದ ನೋಡುತ್ತದೆ ಎಂದು ತಿಳಿಯಿರಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಅಲ್ಲಿನ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ (ನೆರವು ಕಳೆದು ಮನೆಯವರು ಕೊಡಬೇಕಾದ ಹಣವನ್ನು ಅಂದಾಜಿಸುವ ಸಾಧನ) ಇಡಬೇಕೆಂಬ ನಿಯಮ 2011ರಿಂದ ಇದೆ. ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಕನ್ನಡಿಗರ ಮಕ್ಕಳಿಗೆ ಅದರಿಂದ ಒಂದು ಅಂದಾಜು ಸಿಗುತ್ತದೆ. ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಹಾಕುವವರು ಆ ಅಂಕಿಯನ್ನು ನಂಬುವಂತಿಲ್ಲ.

ವಿದೇಶಿ ಅರ್ಜಿದಾರರ ವಿಷಯದಲ್ಲಿ ಹೆಚ್ಚಿನ ಕಾಲೇಜುಗಳು ‘ನೀಡ್-ಅವೇರ್’. ಅಂದರೆ ನೀವು ನೆರವು ಕೇಳಿದ್ದೀರಿ ಎಂಬುದು ಸೀಟು ಕೊಡುವಾಗಲೂ ಲೆಕ್ಕಕ್ಕೆ ಬರುತ್ತದೆ. ಆಮ್ಹರ್ಸ್ಟ್, ಬೌಡನ್, ಡಾರ್ಟ್‌ಮತ್, ಬ್ರೌನ್ ಮುಂತಾದ ಕೆಲವೇ ಕಾಲೇಜುಗಳು ವಿದೇಶಿಯರಿಗೂ ‘ನೀಡ್-ಬ್ಲೈಂಡ್’: ದುಡ್ಡು ನೋಡದೆ ಸೀಟು ಕೊಡುತ್ತವೆ, ಕೊರತೆ ಎಂದು ತಾವು ಲೆಕ್ಕ ಹಾಕಿದ್ದಷ್ಟನ್ನು ತುಂಬುತ್ತವೆ. ಈ ನಾಲ್ಕರಲ್ಲೂ ಅರ್ಲಿ ಡಿಸಿಷನ್ ಇದೆ. ನೆರವು ಬೇಕಾದವರು ಸಹಿ ಹಾಕಬಹುದಾದ ಜಾಗ ಇಂಥದ್ದು. ಕೊರತೆಯ ಲೆಕ್ಕ ಅವರದ್ದು, ನಿಮ್ಮದಲ್ಲ ಎಂಬುದು ಮಾತ್ರ ನೆನಪಿರಲಿ.

ಮಾರ್ಕ್ಸು, ಪ್ರತಿಭೆ ನೋಡಿ ಕೊಡುವ ಮೆರಿಟ್ ಸ್ಕಾಲರ್‌ಶಿಪ್ ನಂಬಿಕೊಂಡವರಿಗೆ ಅರ್ಲಿ ಡಿಸಿಷನ್ ಬೇಡವೇ ಬೇಡ. ನಾಲ್ಕು ಕಡೆಯ ಪತ್ರ ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಅದರ ಲಾಭ. ಒಂದೇ ಅಂಗಡಿಗೆ ಮಾತು ಕೊಟ್ಟ ಮೇಲೆ ಚೌಕಾಸಿ ಎಲ್ಲಿಂದ ಬಂತು?

4. ನೆರವಿನ ಅರ್ಜಿಯನ್ನು ಜೊತೆಗೇ ಹಾಕಿ. ಬಹಳ ಕಾಲೇಜುಗಳು ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ‘ಸಿಎಸ್‌ಎಸ್ ಪ್ರೊಫೈಲ್’, ಅಂದರೆ ಮನೆಯ ಹಣಕಾಸಿನ ವಿವರ ತುಂಬುವ ಅರ್ಜಿ, ಕೇಳುತ್ತವೆ. ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಲೆಕ್ಕ, ಮನೆ, ಸೈಟು ಎಲ್ಲ ಹೇಳಬೇಕು. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುವ, ಪಾಲಾಗದ ತೋಟದಂಥ ಸಂಗತಿಯನ್ನು ಮುಚ್ಚಿಡಬೇಡಿ. ವಿಶೇಷ ಪರಿಸ್ಥಿತಿ ವಿವರಿಸಲು ಅದರಲ್ಲೇ ಜಾಗ ಇದೆ, ಅಲ್ಲಿ ಬರೆಯಿರಿ. ‘ಮೊದಲು ಸೀಟು ಸಿಗಲಿ, ನೆರವು ಆಮೇಲೆ ಕೇಳೋಣ’ ಎಂಬ ಜಾಣತನ ನಡೆಯುವುದಿಲ್ಲ. ಈಗ ಕೇಳದ ವಿದೇಶಿ ವಿದ್ಯಾರ್ಥಿಗೆ ಮುಂದಿನ ವರ್ಷಗಳಲ್ಲೂ ಕೊಡದ ಕಾಲೇಜುಗಳಿವೆ.

5. ಹೊರಬರುವ ಬಾಗಿಲು ಎಲ್ಲಿದೆ ನೋಡಿಕೊಳ್ಳಿ. ಬಾಗಿಲು ಒಂದೇ. ಕೊಟ್ಟ ನೆರವಿನಲ್ಲಿ ಓದಿಸಲು ಸಾಧ್ಯವೇ ಇಲ್ಲ ಎಂದಾದರೆ ಒಪ್ಪಂದದಿಂದ ಬಿಡಿಸಿಕೊಳ್ಳಬಹುದು. ಸುಮ್ನೆ ಮನಸ್ಸು ಬದಲಾಯಿತು ಎಂದರೆ ಆಗದು. ಕಾನೂನಿನ ಕಟ್ಟಲ್ಲ ನಿಜ, ಆದರೆ ಪೆಟ್ಟು ಬೇರೆಯವರಿಗೂ ಬೀಳುತ್ತದೆ. ವಿದ್ಯಾರ್ಥಿಯೊಬ್ಬರು ಮಾತು ತಪ್ಪಿದ್ದಕ್ಕೆ ಟುಲೇನ್ ವಿಶ್ವವಿದ್ಯಾಲಯ ಕೊಲರಾಡೊದ ಒಂದು ಶಾಲೆಯವರು ಒಂದು ವರ್ಷ ಅರ್ಲಿ ಡಿಸಿಷನ್ ಹಾಕದಂತೆ ಮಾಡಿದ್ದು 2025ರಲ್ಲಿ ಸುದ್ದಿಯಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಈ ಪದ್ಧತಿಯೇ ಪೈಪೋಟಿ ತಗ್ಗಿಸಿ ಓದಿನ ಖರ್ಚು ಏರಿಸುತ್ತಿದೆ ಎಂದು 32 ಕಾಲೇಜುಗಳ ಮೇಲೆ ಅಲ್ಲಿನ ಕೋರ್ಟಿನಲ್ಲಿ ದಾವೆಯೂ ದಾಖಲಾಯಿತು.

ಡಿಸೆಂಬರಿನಲ್ಲಿ ಸೀಟು ಸಿಕ್ಕಿ, ನೆರವು ನೀವು ಬರೆದಿಟ್ಟ ಅಂಕಿಗೆ ಸಾಲದಿದ್ದರೆ ಅದೇ ವಾರ ನೆರವಿನ ಕಚೇರಿಗೆ ದಾಖಲೆ ಸಮೇತ ಬರೆದು ಮರುಪರಿಶೀಲನೆ ಕೇಳಿ. ನೆರವಿನ ಪತ್ರ ಕೈಗೆ ಬರುವ ತನಕ ಬೇರೆ ಅರ್ಜಿಗಳನ್ನು ವಾಪಸು ತೆಗೆಯಬೇಕಿಲ್ಲ. ಮಾಮೂಲಿ ಅರ್ಜಿಗಳಿಗೆ ಬಹುತೇಕ ಕಡೆ ಜನವರಿ ಮೊದಲ ವಾರವೇ ಗಡುವು. ಆದ್ದರಿಂದ ಅವುಗಳ ಪ್ರಬಂಧಗಳನ್ನು ನವೆಂಬರಿನಲ್ಲೇ ಬರೆಸಿ ಇಡಿ.