ಪಿಕಪ್ ಹಿಂದಿನ ಟ್ರೇಲರ್‌ಗೆ ಕರೆಂಟ್ ಬ್ರೇಕ್: ಮೂರನೇ ಕಂಟ್ರೋಲರ್‌ಗೆ ಕೈಗೂಡಿದ ಕೆಲಸ

ಹೋದ ವಾರ ಶ್ರೀರಾಮನಗರದ ಹತ್ತಿರ ಕಾಲುವೆ ಸೇತುವೆ ಇಳಿಯುವಾಗ ಎಮ್ಮೆಯೊಂದು ಅಡ್ಡ ಬಂತು. ಪಿಕಪ್ ತುಂಬ ಸಸಿ ಟ್ರೇ, ಹಿಂದೆ ಟ್ರೇಲರ್ ಮೇಲೆ ನಾಟಿ ಯಂತ್ರ, ಬೆಳಗಿನ ಜಾವದ ಮಳೆಗೆ ನೆನೆದ ರಸ್ತೆ. ಬ್ರೇಕ್ ತುಳಿದೆ. ಹಿಂದಿನಿಂದ ನೂಕಲಿಲ್ಲ, ಎಳೆದಾಡಲಿಲ್ಲ, ಎರಡೂ ಸೇರಿ ಒಂದೇ ಗಾಡಿಯ ಹಾಗೆ ನಿಂತವು. ಎರಡು ವರ್ಷದಿಂದ "ಟ್ರೇಲರಿಗೆ ಯಾರರ ಕರೆಂಟಿನ ಬ್ರೇಕ್ ಹಾಕ್ತಾರೇನಪಾ, ರೊಕ್ಕ ಹೆಚ್ಚಾಗ್ಯಾವು ನಿನಗ" ಅನ್ನುತ್ತಿದ್ದ ನಮ್ಮ ಮಾವ ಪಕ್ಕದಲ್ಲೇ ಕೂತಿದ್ದರು. ಕೆಳಗಿಳಿದು ಟ್ರೇಲರ್ ಚಕ್ರದ ಗುರುತು ನೋಡಿ, "ಖರೇನ ಹಿಡದೈತಲ್ಲೋ" ಅಂದರು. ಅವರ ಬಾಯಿಂದ ಆ ಮಾತು ಬಂದಮೇಲೆ ಬರೆಯಲೇಬೇಕು ಅನ್ನಿಸಿತು.

ಗಂಗಾವತಿ, ಕಾರಟಗಿ ಕಡೆಯ ಕ್ಯಾಂಪುಗಳಿಗೆ, ಅಂದರೆ ಕಾಲುವೆ ನೀರಾವರಿಯ ಊರುಗಳಿಗೆ, ಆರು ಸಾಲಿನ ಭತ್ತದ ನಾಟಿ ಯಂತ್ರ ಬಾಡಿಗೆಗೆ ಒಯ್ಯುವುದು ನಮ್ಮ ಕೆಲಸ. ಯಂತ್ರ, ಟ್ರೇಲರ್, ಅದರ ಮೇಲಿನ ಚಿಲ್ಲರೆ ಸಾಮಾನು ಸೇರಿ ರೈಸ್ ಮಿಲ್ಲಿನ ವೇಬ್ರಿಡ್ಜ್‌ನಲ್ಲಿ 1,350 ಕೆಜಿ ಆಸುಪಾಸು ಬಂದಿತ್ತು. ಟ್ರ್ಯಾಕ್ಟರ್ ಹಿಂದೆ ಕಟ್ಟಿದರೆ ಈ ತಲೆಬಿಸಿಯೇ ಇಲ್ಲ, ಆದರೆ ದಿನಕ್ಕೆ ಎರಡು ಊರು ಮುಗಿಯುವುದಿಲ್ಲ. ಮೊದಲು ತಾನೇ ಒತ್ತಿಕೊಂಡು ಹಿಡಿಯುವ ಓವರ್‌ರನ್ ಕಪ್ಲಿಂಗ್ ಹಾಕಿಸಿದ್ದೆ. ಏರಿಯ ಮೇಲೆ ರಿವರ್ಸ್ ತೆಗೆಯುವಾಗೆಲ್ಲ ಅದು ಹಿಡಿದುಕೊಳ್ಳುತ್ತಿತ್ತು, ಪ್ರತಿ ಸಲ ಇಳಿದು ಪಿನ್ ಹಾಕಬೇಕು. ಒಂದೇ ಹಂಗಾಮಿಗೆ ಬೇಸತ್ತು ಬಿಚ್ಚಿಸಿ, 10 ಅಂಗುಲದ ಎಲೆಕ್ಟ್ರಿಕ್ ಡ್ರಮ್ ಬ್ರೇಕ್ ಕೂರಿಸಿದೆ. ಡ್ರಮ್ಮಿನೊಳಗಿನ ಮ್ಯಾಗ್ನೆಟ್ಟಿಗೆ ಕರೆಂಟ್ ಹೋದರೆ ಅದು ಬ್ರೇಕ್ ಶೂಗಳನ್ನು ಒತ್ತಿ ಚಕ್ರ ಹಿಡಿಸುತ್ತದೆ, ಯಾವಾಗ ಎಷ್ಟು ಕರೆಂಟ್ ಬಿಡಬೇಕೆಂದು ನೋಡುವ ಪೆಟ್ಟಿಗೆಯೇ ಪಿಕಪ್ ಒಳಗಿನ ಕಂಟ್ರೋಲರ್.

ಮೊದಲ ಕಂಟ್ರೋಲರ್ ಟೈಮ್ ಡಿಲೇ ಮಾದರಿಯದು, ಬಳಸಿದ್ದು, 4,500 ಕೊಟ್ಟ ನೆನಪು. ನೀವು ಪೆಡಲ್ ಮೆಲ್ಲಗೆ ಮುಟ್ಟಿರಿ, ಜೋರಾಗಿ ತುಳಿಯಿರಿ, ಅದಕ್ಕೆ ಗೊತ್ತಾಗುವುದು ಬ್ರೇಕ್ ಲೈಟ್ ಹತ್ತಿದ್ದು ಮಾತ್ರ. ಅಲ್ಲಿಂದ ತನ್ನದೇ ಲೆಕ್ಕದಲ್ಲಿ ಕರೆಂಟ್ ಏರಿಸುತ್ತಾ ಹೋಗುತ್ತದೆ. ಗಂಗಾವತಿ ಪೇಟೆಯಲ್ಲಿ ನಿಂತು ನಿಂತು ಹೋಗುವಾಗ ಸೊಂಟಕ್ಕೆ ಒದ್ದ ಹಾಗೆ ಜಗ್ಗುತ್ತಿತ್ತು, ನಿಜವಾಗಿ ಬೇಕಾದಾಗ ತಡವಾಗಿ ಹಿಡಿಯುತ್ತಿತ್ತು. ಅದರ ಮೇಲೆ ವೈರಿಂಗ್ ಮಾಡಿದವನು ಕೆಂಪು ವೈರನ್ನು ಪೆಡಲ್ ಸ್ವಿಚ್ಚಿನ ತಪ್ಪು ಬದಿಗೆ, ಅಂದರೆ ಸದಾ ಕರೆಂಟ್ ಇರುವ ಬದಿಗೆ ಸೇರಿಸಿಬಿಟ್ಟಿದ್ದ. ಗಾಡಿ ಹೊರಟಾಗಿನಿಂದ ಟ್ರೇಲರ್ ಬ್ರೇಕ್ ಹಿಡಿದೇ ಇತ್ತು. ಸಿದ್ದಾಪುರ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ. ಇಳಿದು ಹಬ್ ಮೇಲೆ ನೀರು ಚಿಮುಕಿಸಿದರೆ ಚುರ್ ಅಂದು ಹಾರಿತು. ಎರಡೂ ಕಡೆಯ ಶೂ ಹೋದವು, 3,000ದ ಮೇಲೆ ಖರ್ಚು, ಆ ದಿನದ ಬಾಡಿಗೆಯೂ ಹೋಯಿತು. ಬ್ರೇಕ್ ತುಳಿದಾಗ ಮಾತ್ರ ಕರೆಂಟ್ ಬರುವ ಬದಿಯನ್ನು ಟೆಸ್ಟ್ ಲ್ಯಾಂಪ್ ಹಿಡಿದು ನೀವೇ ನೋಡಿಕೊಳ್ಳಿ, ಯಾರಿಗೂ ಬಿಡಬೇಡಿ.

ಎರಡನೆಯದು ಪ್ರೊಪೋರ್ಷನಲ್. ಗಾಡಿ ಎಷ್ಟು ಜೋರಾಗಿ ನಿಧಾನಿಸುತ್ತದೋ ಅಷ್ಟೇ ಬಲವನ್ನು ಟ್ರೇಲರಿಗೂ ಕೊಡುತ್ತದೆ. ಹೊರದೇಶದಿಂದ ತರಿಸಿದ್ದು, ಸುಂಕ ಎಲ್ಲ ಸೇರಿ 14,000 ಮುಟ್ಟಿತು. ಮೊಣಕಾಲಿಗೆ ತಾಗುತ್ತದೆಂದು ಡ್ಯಾಶ್‌ಬೋರ್ಡ್ ಕೆಳಗೆ ಓರೆಯಾಗಿ ಕೂರಿಸಿದೆ. ಆ ಮಾದರಿ ಗಾಡಿ ಓಡುವ ದಿಕ್ಕಿಗೆ ನೇರವಾಗಿ, ಹೇಳಿದ ಕೋನದೊಳಗೇ ಕೂರಬೇಕು. ಒಮ್ಮೆ ಹಿಡಿಯಿತು, ಒಮ್ಮೆ ಬಿಟ್ಟಿತು. ಮೆಕ್ಯಾನಿಕ್ "ಅಣ್ಣಾ, ಇವೆಲ್ಲ ನಮ್ಮ ರೋಡಿಗೆ ಆಗಂಗಿಲ್ಲ" ಅಂದ. ಸಿಟ್ಟಿನಲ್ಲಿ ಹೊಸಪೇಟೆಯ ಪರಿಚಯದವರೊಬ್ಬರಿಗೆ ಅರ್ಧ ಬೆಲೆಗೆ ಕೊಟ್ಟುಬಿಟ್ಟೆ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ, ಏಕೆಂದರೆ ತಪ್ಪು ಆ ಪೆಟ್ಟಿಗೆಯದಾಗಿರಲಿಲ್ಲ.

ಮೂರನೆಯದು ಯಾವ ಕೋನದಲ್ಲಿ ಕೂರಿಸಿದರೂ ನಡೆಯುವಂಥದ್ದು. ಪೆಟ್ಟಿಗೆ ಒಳಗೆ ಅಡಗಿರುತ್ತದೆ, ಕೈಗೆ ಸಿಗುವುದು ತಿರುಗಿಸಲೂ ಒತ್ತಲೂ ಬರುವ ಒಂದು ಗುಂಡಿ ಮಾತ್ರ. 20,000ದ ಹತ್ತಿರ ಬಿತ್ತು. ಹಾಕಿದೆ. ಟ್ರೇಲರ್ ಆಗಲೂ ಸೋತು ಸೋತು ಹಿಡಿಯಿತು!

ಅದು 2024ರ ಆಗಸ್ಟ್, ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದ ವಾರ. ನೀರು ಉಳಿಯುತ್ತದೋ ಇಲ್ಲವೋ ಎಂದು ನಮ್ಮ ಗಿರಾಕಿಗಳೆಲ್ಲ ನಾಟಿ ನಿಲ್ಲಿಸಿದ್ದರು, ಯಂತ್ರ ಮನೆ ಮುಂದೆ ನಿಂತಿತ್ತು. ನನಗೂ ಜೀವ ಕೈಯಲ್ಲಿ ಹಿಡಿದ ಹಾಗೆ, ಕೈಗೆ ಏನಾದರೂ ಕೆಲಸ ಬೇಕಿತ್ತು. ಇಂಜಿನ್ ಚಾಲೂ ಇಟ್ಟು, ತಮ್ಮನಿಗೆ ಕಂಟ್ರೋಲರಿನ ಕೈ ಬ್ರೇಕಿನ ಗುಂಡಿ (ಪೆಡಲ್ ತುಳಿಯದೆ ಟ್ರೇಲರ್ ಬ್ರೇಕ್ ಹಿಡಿಸುವುದು) ಪೂರ್ತಿ ಒತ್ತಿ ಹಿಡಿಯಲು ಹೇಳಿ, ಮಲ್ಟಿಮೀಟರ್ ತಗೊಂಡು ಟ್ರೇಲರ್ ಕೆಳಗೆ ನುಗ್ಗಿದೆ. ಪೂರ್ತಿ ಒತ್ತಿಯೇ ಅಳೆಯಬೇಕು. ಅರ್ಧದಲ್ಲಿ ಇವು ಕರೆಂಟನ್ನು ತುಂಡು ತುಂಡಾಗಿ ಬಿಡುತ್ತವೆ, ಸಾದಾ ಮೀಟರ್ ನಂಬುವ ಹಾಗಿಲ್ಲ. ಬ್ಯಾಟರಿ ಮೇಲೆ 13.4 ವೋಲ್ಟ್. ಮ್ಯಾಗ್ನೆಟ್ ವೈರಿನ ತುದಿಯಲ್ಲಿ ಒಂಬತ್ತಕ್ಕೂ ಕಡಿಮೆ.

ಮೂರೂ ಕಂಟ್ರೋಲರ್‌ಗಳನ್ನು ತಿಂದ ಕಳ್ಳ ಸಿಕ್ಕಿದ್ದು ಅಲ್ಲಿ. ಲೈಟಿಗೆಂದು ಎಳೆದಿದ್ದ ಸಣ್ಣ ವೈರಿನಲ್ಲೇ ಬ್ರೇಕಿನ ಕರೆಂಟೂ ಹೋಗುತ್ತಿತ್ತು, ಅರ್ತ್ ವಾಪಸ್ ಬರುತ್ತಿದ್ದುದು ಗ್ರೀಸ್ ಬಳಿದ ಹಿಚ್ ಬಾಲ್, ಅಂದರೆ ಟ್ರೇಲರ್ ಕೊಂಡಿ ಕೂರುವ ಗುಂಡಿನ ಮೂಲಕ. ಈ ಅಳತೆಯ ಮ್ಯಾಗ್ನೆಟ್ ಒಂದೊಂದು ಸುಮಾರು 3 ಆಂಪಿಯರ್ ಎಳೆಯುತ್ತದೆ, ಎರಡಕ್ಕೆ 6. ಬ್ಯಾಟರಿಯಿಂದ ಕಂಟ್ರೋಲರಿಗೂ, ಅಲ್ಲಿಂದ ಹಿಂದಕ್ಕೂ 4 ಚದರ ಮಿಮೀ ತಾಮ್ರ ಎಳೆದೆ. ಅರ್ತ್‌ಗೆ ಏಳು ಪಿನ್ ಸಾಕೆಟ್ ಮೂಲಕ ಬ್ಯಾಟರಿಯ ನೆಗೆಟಿವ್‌ವರೆಗೆ ಬೇರೆಯದೇ ವೈರ್, ಬ್ಯಾಟರಿ ಹತ್ತಿರ 20 ಆಂಪಿಯರಿನ ಬ್ರೇಕರ್. 1,800 ರೂಪಾಯಿ, ಒಂದೂವರೆ ದಿನದ ಕೆಲಸ. ಮತ್ತೆ ಅಳೆದರೆ 12.5ರ ಮೇಲೆ. ಮಗಳ ವಿಜ್ಞಾನದ ಕಿಟ್ಟಿನಲ್ಲಿದ್ದ ದಿಕ್ಸೂಚಿಯನ್ನು ಡ್ರಮ್ ಪಕ್ಕ ಹಿಡಿದು ಗುಂಡಿ ಒತ್ತಿಸಿದೆ. ಮುಳ್ಳು ಸರ್ರನೆ ತಿರುಗಿತು. ಬಲಗಡೆ ಚಕ್ರದಲ್ಲಿ ಮಾತ್ರ ಮಂಕಾಗಿ ಅಲುಗಿತು, ಬಿಚ್ಚಿ ನೋಡಿದರೆ ಕನೆಕ್ಟರ್ ಹಸಿರುಗಟ್ಟಿತ್ತು. ಮೀಟರ್ ಇಲ್ಲದವರು ಇದೊಂದನ್ನು ಮಾಡಿ ನೋಡಿ.

ವೈರ್ ಸರಿಯಾದ ಮೇಲೆ ಸುಮ್ಮನಿರಲಾಗಲಿಲ್ಲ. ಹೊಸಪೇಟೆಗೆ ಹೋಗಿ ನಾನೇ ಮಾರಿದ್ದ ಎರಡನೇ ಕಂಟ್ರೋಲರನ್ನು ಎರಡು ದಿನಕ್ಕೆ ಕೇಳಿ ತಂದೆ. ಮಟ್ಟಗೋಲು ಇಟ್ಟು ನೇರವಾಗಿ ಕೂರಿಸಿದರೆ ಅದೂ 20,000ದ್ದರಷ್ಟೇ ಚೆನ್ನಾಗಿ ಹಿಡಿಯಿತು. ಹಳೇ ಟೈಮ್ ಡಿಲೇ ಹಾಕಿದೆ, ಬಲ ಬಂತು, ಜಗ್ಗುವುದು ಮಾತ್ರ ಹೋಗಲಿಲ್ಲ. ಹಾಗಾಗಿ ನನ್ನನ್ನು ಕೇಳಿದರೆ ಪ್ರೊಪೋರ್ಷನಲ್‌ಗಿಂತ ಕೆಳಗೆ ಇಳಿಯಲೇಬೇಡಿ. ನೇರವಾಗಿ ಕೂರಿಸಲು ಜಾಗವಿದ್ದರೆ 14,000ದ್ದು ಸಾಕು, ಇಲ್ಲದಿದ್ದರೆ ಮಾತ್ರ ಮೇಲಿನದು. ಕೈ ಬ್ರೇಕಿನ ಗುಂಡಿ ಕಣ್ಣು ಮುಚ್ಚಿಕೊಂಡೂ ಸಿಗುವ ಜಾಗದಲ್ಲಿರಲಿ. ಟ್ರೇಲರ್ ಬಾಲ ಬೀಸತೊಡಗಿದಾಗ ಗಾಡಿಯ ಬ್ರೇಕ್ ಮುಟ್ಟದೆ ಟ್ರೇಲರನ್ನಷ್ಟೇ ಹಿಡಿಸುವುದು ಅದರಿಂದಲೇ.

ಹೊಸ ಶೂ ಹಾಕಿದ ದಿನವೇ ಗೇನ್, ಅಂದರೆ ಕಂಟ್ರೋಲರ್ ಟ್ರೇಲರಿಗೆ ಕೊಡುವ ಬ್ರೇಕ್ ಬಲ, ಹೊಂದಿಸಬೇಡಿ. 60ರಿಂದ 30ಕ್ಕೆ ಮೂವತ್ತು ನಲವತ್ತು ಸಲ ಇಳಿಸಿ ಶೂ ಹದಕ್ಕೆ ಬರಲಿ, ನಡುನಡುವೆ ಆರಲು ಬಿಡಿ. ಆಮೇಲೆ ಒಣ ಮಟ್ಟಸ ರಸ್ತೆಯಲ್ಲಿ 40ರ ವೇಗದಲ್ಲಿ ಗುಂಡಿ ಪೂರ್ತಿ ಒತ್ತಿ, ಚಕ್ರ ಕಚ್ಚಿಕೊಂಡು ಎಳೆದರೆ ಒಂದು ಹಲ್ಲು ಇಳಿಸಿ. ಖಾಲಿ ಟ್ರೇಲರಿಗೆ ಬೇರೆ, ಯಂತ್ರ ಏರಿದಾಗ ಬೇರೆ. ಕೆಸರು ರಸ್ತೆಗೆ ನಾನು ಇಡುವ ಲೆಕ್ಕವೊಂದಿದೆ, ಡ್ರಮ್ಮಿನೊಳಗೆ ಕೆಸರು ನುಗ್ಗದ ಹಾಗೆ ಮಾಡಿಕೊಂಡ ಉಪಾಯವೂ ಒಂದಿದೆ. ಅವೆರಡೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ನಾಲ್ಕು ಬಾಡಿಗೆ ಅದರಿಂದಲೇ ಬರುತ್ತಿವೆ.

ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಿಡಿಸುವ ಬ್ರೇಕ್‌ಅವೇ ಸ್ವಿಚ್ಚೂ ಹಾಕಿದ್ದೇನೆ, ಅದಕ್ಕೆ 7 ಎಎಚ್‌ನ ಸಣ್ಣ ಬ್ಯಾಟರಿ. ಪಿನ್ ಎಳೆದು ನೋಡಿದೆ, ಅರ್ಧ ಗಂಟೆಯಾದರೂ ಚಕ್ರ ಬಿಟ್ಟಿರಲಿಲ್ಲ.

ಮೂರು ಕಂಟ್ರೋಲರ್, ಡ್ರಮ್ ಸೆಟ್, ಶೂ, ವೈರ್ ಎಲ್ಲ ಸೇರಿ 70,000 ದಾಟಿದೆ. ಸರಿಯಾದ ದಾರಿ ಮೊದಲೇ ಗೊತ್ತಿದ್ದರೆ ಅದರಲ್ಲಿ 27,000ದಷ್ಟು ಉಳಿಯುತ್ತಿತ್ತು. "ಆಗಂಗಿಲ್ಲ" ಅಂದಿದ್ದ ಮೆಕ್ಯಾನಿಕ್ ನಿನ್ನೆ ಬಂದು ಸಾಕೆಟ್ಟಿನ ಫೋಟೋ ತೆಗೆದುಕೊಂಡು ಹೋದ. ಕಾರಟಗಿಯ ಒಬ್ಬರ ಟ್ರೇಲರಿಗೆ ಹಾಕಬೇಕಂತೆ.