ಸ್ಟೋರೇಜ್ ಕಂಟ್ರೋಲರ್ ಡ್ರೈವರ್‌ನಿಂದ ಕರ್ನೆಲ್ ಪ್ಯಾನಿಕ್: ಮೂಲ ಹುಡುಕುವ ಬಗೆ

ಡಿಸ್ಕ್‌ಗಳನ್ನು ನೋಡಿಕೊಳ್ಳುವ ಕಂಟ್ರೋಲರ್ ಕಾರ್ಡಿನ ಡ್ರೈವರ್ ಕೈಕೊಟ್ಟು, ಕರ್ನೆಲ್ (ಲಿನಕ್ಸ್‌ನ ತಿರುಳು) ಪ್ಯಾನಿಕ್ ಆಗಿ, ಅಂದರೆ ಮುಂದುವರಿಯಲಾಗದೆ ನಿಂತು, ಸರ್ವರ್ ಬಿದ್ದಾಗ ಮೊದಲ ತೊಡಕು ಲಾಗ್‌ನದ್ದೇ. ಲಾಗ್ ಬರೆಯಬೇಕಾದ ಡಿಸ್ಕ್ ಅದೇ ಕಂಟ್ರೋಲರ್‌ಗೆ ಸೇರಿರುತ್ತದೆ. ರೀಬೂಟ್ ಆದ ಮೇಲೆ /ವಾರ್/ಲಾಗ್ ತೆರೆದರೆ ಎಲ್ಲ ಸರಿಯಿದ್ದಾಗಿನ ಸಾಲುಗಳಷ್ಟೇ ಸಿಗುತ್ತವೆ, ಪ್ಯಾನಿಕ್‌ಗೆ ಮುಂಚಿನ ನಿಮಿಷಗಳು ಇರುವುದಿಲ್ಲ. ಆದ್ದರಿಂದ ಡ್ರೈವರ್‌ಗೆ ಕೈಹಾಕುವ ಮುನ್ನ ಲಾಗ್ ಹೊರಬರಲು ಡಿಸ್ಕಿನ ಹಂಗಿಲ್ಲದ ದಾರಿ ಮಾಡಿಕೊಳ್ಳಿ.

ಕರ್ನೆಲ್ ಸಂದೇಶಗಳನ್ನು ಸೀರಿಯಲ್ ಪೋರ್ಟಿಗೆ ಕಳಿಸುವ ಸೀರಿಯಲ್ ಕನ್ಸೋಲ್ ಎಲ್ಲಕ್ಕಿಂತ ಸರಳ. ಕರ್ನೆಲ್‌ನ ಬೂಟ್ ಸಾಲಿಗೆ ಕನ್ಸೋಲ್=ಟಿಟಿವೈಎಸ್0,115200 ಸೇರಿಸಿ, ಬಿಎಂಸಿಯ (ಸರ್ವರನ್ನು ದೂರದಿಂದ ನಿಭಾಯಿಸುವ ಚಿಪ್) ಸೀರಿಯಲ್ ಓವರ್ ಲ್ಯಾನ್ ಮೂಲಕ ಬೇರೆ ಯಂತ್ರದಲ್ಲಿ ದಾಖಲಿಸಿ. ಕೆಲವು ಸರ್ವರ್‌ಗಳಲ್ಲಿ ಆ ಪೋರ್ಟ್ 0 ಅಲ್ಲ, 1. ಇದಾಗದಿದ್ದರೆ ನೆಟ್‌ಕನ್ಸೋಲ್ ಇದೆ, ಅದು ನೆಟ್‌ವರ್ಕ್‌ನಲ್ಲಿ ಯುಡಿಪಿ ಮೂಲಕ ಸಾಲುಗಳನ್ನು ಕಳಿಸುತ್ತದೆ.

ಮೆಮೊರಿ ಡಂಪ್‌ಗೆ, ಅಂದರೆ ಬಿದ್ದ ಗಳಿಗೆಯ ಮೆಮೊರಿಯ ಪ್ರತಿಗೆ, ಕೆಡಂಪ್ ಬೇಕು: ಪ್ಯಾನಿಕ್ ಆದಾಗ ಅದು ಇನ್ನೊಂದು ಕರ್ನೆಲ್ (ಡಂಪ್ ಕರ್ನೆಲ್) ಎಬ್ಬಿಸಿ ಆ ಪ್ರತಿ ಬರೆಸುತ್ತದೆ. ಅದಕ್ಕೆ ಮೆಮೊರಿ ಮೀಸಲಿಡಲು ಬೂಟ್ ಸಾಲಿನಲ್ಲಿ ಕ್ರ್ಯಾಶ್‌ಕರ್ನೆಲ್=256ಎಂ ಎಂದು ಕೊಟ್ಟು, ಡಂಪ್ ಹೋಗುವ ಜಾಗವನ್ನು ಎನ್‌ಎಫ್‌ಎಸ್ ಅಥವಾ ಎಸ್‌ಎಸ್‌ಎಚ್ ಮೂಲಕ ಬೇರೆ ಯಂತ್ರಕ್ಕೆ ತಿರುಗಿಸಿ. ಹಲವರು ಎಡವುವುದು ಇಲ್ಲೇ: ಕೆಟ್ಟ ಸ್ಥಿತಿಯಲ್ಲಿರುವ ಕಾರ್ಡನ್ನು ಡಂಪ್ ಕರ್ನೆಲ್ ಮತ್ತೆ ಎಬ್ಬಿಸಲು ಹೋಗಿ ತಾನೂ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಡ್ರೈವರ್ ಕೇಳುವಷ್ಟು ಮೆಮೊರಿ ಇಲ್ಲದೆ ಸಾಯುತ್ತದೆ. ನೆಟ್‌ವರ್ಕ್‌ಗೆ ಡಂಪ್ ಮಾಡುವಾಗ ಸ್ಟೋರೇಜ್ ಡ್ರೈವರ್ ಬೇಕೇ ಇಲ್ಲ. ಬೂಟ್‌ನಲ್ಲಿ ಮೊದಲು ಲೋಡ್ ಆಗುವ ಡ್ರೈವರ್‌ಗಳ ಕಟ್ಟೇ ಇನಿಟ್‌ರ‍್ಯಾಮ್‌ಎಫ್‌ಎಸ್. ಅದನ್ನು ಕಟ್ಟಲು ಡ್ರಾಕಟ್ ಬಳಸುವ ಕಡೆ ಒಮಿಟ್-ಡ್ರೈವರ್ಸ್ ಆಯ್ಕೆಯಿಂದ ಸ್ಟೋರೇಜ್ ಡ್ರೈವರನ್ನು ಕೆಡಂಪ್‌ನ ಇನಿಟ್‌ರ‍್ಯಾಮ್‌ಎಫ್‌ಎಸ್‌ನಿಂದ ತೆಗೆದುಬಿಡಿ. ಆಮೇಲೆ ಸರ್ವರ್ ನಿಲ್ಲಿಸಬಹುದಾದ ಸಮಯ ನೋಡಿ, ಸಿಂಕ್ ಕೊಟ್ಟು (ಬರೆಯದೆ ಉಳಿದ ಡೇಟಾ ಡಿಸ್ಕಿಗೆ ಹೋಗಲಿ), ಕರ್ನೆಲ್‌ಗೆ ನೇರ ಆಜ್ಞೆ ಕೊಡುವ ಫೈಲ್ ಸಿಸ್‌ಆರ್‌ಕ್ಯೂ-ಟ್ರಿಗರ್‌ಗೆ ಸಿ ಅಕ್ಷರ ಬರೆದು ಬೇಕೆಂದೇ ಕ್ರ್ಯಾಶ್ ಮಾಡಿಸಿ. ಡಂಪ್ ಸೇರುವ ವಿಎಂಕೋರ್ ಫೈಲ್ ಕಣ್ಣಿಗೆ ಬೀಳುವವರೆಗೂ ಕೆಡಂಪ್ ಕೆಲಸ ಮಾಡುತ್ತದೆ ಎಂದು ನಂಬಬೇಡಿ.

ಎಷ್ಟೋ ಸಲ ಪ್ಯಾನಿಕ್ ಆಗುವುದೇ ಇಲ್ಲ. ಪ್ರೊಸೆಸ್‌ಗಳೆಲ್ಲ ಡಿ ಸ್ಥಿತಿಯಲ್ಲಿ (ಡಿಸ್ಕಿನ ಉತ್ತರಕ್ಕೆ ಕಾಯುತ್ತ, ಕೊಲ್ಲಲೂ ಆಗದಂತೆ) ಕೂತು ಯಂತ್ರ ಕಲ್ಲಾಗುತ್ತದೆ. ಆಗ ಹಂಗ್_ಟಾಸ್ಕ್_ಪ್ಯಾನಿಕ್ ಎಂಬ ಕರ್ನೆಲ್ ಸೆಟ್ಟಿಂಗನ್ನು 1 ಮಾಡಿದರೆ, ಒಂದು ಟಾಸ್ಕ್ ಆ ಸ್ಥಿತಿಯಲ್ಲಿ 120 ಸೆಕೆಂಡ್ ಅಲ್ಲಾಡದಿದ್ದಾಗ ಡಂಪ್ ಸಿಗುತ್ತದೆ. ಪತ್ತೆ ಮುಗಿದ ಕೂಡಲೇ ಅದನ್ನು ವಾಪಸ್ 0 ಮಾಡಿ. ಏಕೆಂದರೆ ಒಂದು ಸ್ಕಸಿ ಕಮಾಂಡಿನ (ಡಿಸ್ಕಿಗೆ ಹೋಗುವ ಆಜ್ಞೆಯ) ಟೈಮ್‌ಔಟ್ ಸಾಮಾನ್ಯವಾಗಿ 30 ಸೆಕೆಂಡ್, ಮರುಪ್ರಯತ್ನಗಳು ಸೇರಿದರೆ ತಾನಾಗಿ ಚೇತರಿಸಿಕೊಳ್ಳುವ ಕಂಟ್ರೋಲರ್‌ಗೂ 120 ದಾಟಬಹುದು.

ಲಾಗ್ ಕೈಗೆ ಬಂದ ಮೇಲೆ ಪ್ಯಾನಿಕ್ ಸಾಲಿನಿಂದ ಮೇಲಕ್ಕೆ ಓದುತ್ತ ಹೋಗಿ. ಫೈಲ್‌ಸಿಸ್ಟಮ್ ಎರರ್, ಅದರ ಮೇಲೆ ‘ರಿಜೆಕ್ಟಿಂಗ್ ಐ/ಓ ಟು ಆಫ್‌ಲೈನ್ ಡಿವೈಸ್’, ಅದಕ್ಕೂ ಮೇಲೆ ಹೋಸ್ಟ್ ರೀಸೆಟ್, ಟಾರ್ಗೆಟ್ ರೀಸೆಟ್, ಡಿವೈಸ್ ರೀಸೆಟ್, ಕೊನೆಗೆ ‘ಅಟೆಂಪ್ಟಿಂಗ್ ಟಾಸ್ಕ್ ಅಬಾರ್ಟ್’ (ಉತ್ತರ ಬಾರದ ಆಜ್ಞೆಯನ್ನು ರದ್ದು ಮಾಡುವ ಯತ್ನ). ಇವೆಲ್ಲ ಪರಿಣಾಮಗಳು. ಕಾರಣ ಇರುವುದು ಮೊದಲ ಅಬಾರ್ಟ್‌ನ ಆಸುಪಾಸಿನಲ್ಲಿ.

ಅಲ್ಲಿ ಪಿಸಿಐಇ ಬಸ್ಸಿನ, ಅಂದರೆ ಕಾರ್ಡ್ ಮದರ್‌ಬೋರ್ಡ್‌ಗೆ ಸೇರುವ ದಾರಿಯ, ಎಇಆರ್ ಎಂಬ ದೋಷ ದೂರುಗಳು ಕಂಡರೆ, ಅಥವಾ ಎಂಪಿಟಿ3ಎಸ್‌ಎಎಸ್ (ಎಸ್‌ಎಎಸ್ ಕಾರ್ಡುಗಳ ಒಂದು ಡ್ರೈವರ್) ‘ಎಸ್‌ಎಎಸ್ ಹೋಸ್ಟ್ ಈಸ್ ನಾನ್-ಆಪರೇಷನಲ್’ ಎಂದಿದ್ದರೆ, ಕಾರ್ಡ್ ಬಸ್ಸಿನಿಂದಲೇ ಕಳಚಿಕೊಂಡಿರುವ ಸಾಧ್ಯತೆ ಹೆಚ್ಚು. ಸ್ಲಾಟ್, ರೈಸರ್, ಪವರ್, ಬಿಸಿ ಇವನ್ನು ನೋಡಿ. ‘ಫಾಲ್ಟ್_ಸ್ಟೇಟ್’ ಎಂದು ಜೊತೆಗೊಂದು ಕೋಡ್ ಬಂದಿದ್ದರೆ ನಿಂತಿರುವುದು ಕಾರ್ಡಿನೊಳಗಿನ ಫರ್ಮ್‌ವೇರ್, ಆ ಕೋಡ್ ಬರೆದಿಟ್ಟುಕೊಳ್ಳಿ. ಯಾವ ಕೋಡಿನಲ್ಲಿ ಬಿದ್ದಿತೆಂದು ಹೇಳುವ ಆರ್‌ಐಪಿ ಸಾಲಿನ ಚೌಕ ಕಂಸದಲ್ಲಿ ಡ್ರೈವರ್ ಹೆಸರಿದ್ದು, ನಲ್ ಪಾಯಿಂಟರ್ (ಖಾಲಿ ವಿಳಾಸ ಮುಟ್ಟಿದ) ದೂರು ಇದ್ದರೆ ಬಗ್ ಡ್ರೈವರ್‌ನದ್ದು ಎನ್ನಬಹುದು. ಆದರೂ ಅದಕ್ಕೆ ಮುಂಚೆ ರೀಸೆಟ್ ಆಗಿತ್ತೇ ನೋಡಿ: ಫರ್ಮ್‌ವೇರ್ ಬಿದ್ದು, ಅದನ್ನು ಎತ್ತಲು ಹೋದ ಡ್ರೈವರ್ ಮುಗ್ಗರಿಸಿದ್ದರೆ ರಿಪೇರಿ ಎರಡೂ ಕಡೆ ಬೇಕು.

ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ, ಸ್ಟೋರೇಜ್‌ಗೆ ಸಂಬಂಧವೇ ಇಲ್ಲದ ಫಂಕ್ಷನ್‌ನಲ್ಲಿ ಕ್ರ್ಯಾಶ್ ಆಗುತ್ತಿದ್ದರೆ ಕೆಲಸ ಕಷ್ಟ. ಟೇಂಟೆಡ್ ಸಾಲಿನಲ್ಲಿ ಎಂ ಅಕ್ಷರ ಇದ್ದರೆ ಮಷೀನ್ ಚೆಕ್ (ಪ್ರೊಸೆಸರ್ ಹಿಡಿದ ಹಾರ್ಡ್‌ವೇರ್ ದೋಷ) ಆಗಿದೆ, ಮೊದಲು ಮೆಮೊರಿಯ ಇಸಿಸಿ ಎರರ್ ನೋಡಿ. ಇಲ್ಲದಿದ್ದರೆ ಕಾರ್ಡ್, ಈಗಾಗಲೇ ಬಿಡುಗಡೆಯಾದ ಬಫರ್‌ಗೆ ಡಿಎಂಎ ಮೂಲಕ (ಪ್ರೊಸೆಸರ್‌ನ ನೆರವಿಲ್ಲದೆ ನೇರವಾಗಿ) ಬರೆಯುತ್ತಿರಬಹುದು. ಇಂಟೆಲ್ ಯಂತ್ರದಲ್ಲಿ ಕಾರ್ಡುಗಳು ಯಾವ ಮೆಮೊರಿ ಮುಟ್ಟಬಹುದೆಂದು ಕಾಯುವ ಐಓಎಂಎಂಯು ಅನ್ನು ಸ್ಟ್ರಿಕ್ಟ್ ಮೋಡ್‌ನಲ್ಲಿ ಚಾಲೂ ಮಾಡಿ. ವೇಗ ಸ್ವಲ್ಪ ಕುಗ್ಗುತ್ತದೆ, ಆದರೆ ಅಂಥ ಬರಹ ಮೆಮೊರಿ ಕೆಡಿಸುವ ಬದಲು ಡಿಎಂಎಆರ್ ಫಾಲ್ಟ್ ಆಗಿ, ಸಾಧನದ ಪಿಸಿಐ ವಿಳಾಸದ ಸಮೇತ ಲಾಗ್‌ಗೆ ಬರುತ್ತದೆ.

ವಿಎಂಕೋರ್ ತೆರೆಯಲು ಕ್ರ್ಯಾಶ್ ಟೂಲ್ ಜೊತೆಗೆ ಅದೇ ಕರ್ನೆಲ್ ಆವೃತ್ತಿಯ ಡಿಬಗ್‌ಇನ್ಫೋ (ಕೋಡಿನ ಹೆಸರು, ವಿಳಾಸಗಳ ಫೈಲ್) ಬೇಕು. ಲಾಗ್, ಬಿಟಿ (ಫಂಕ್ಷನ್ ಕರೆಗಳ ಜಾಡು) ಕಮಾಂಡುಗಳು ಆದ ಮೇಲೆ ‘ಫೋರೀಚ್ ಯುಎನ್ ಬಿಟಿ’ ಕೊಡಿ, ಡಿ ಸ್ಥಿತಿಯಲ್ಲಿ ಸಿಕ್ಕಿಕೊಂಡವರೆಲ್ಲ ಯಾವ ಲಾಕ್‌ಗೆ ಕಾಯುತ್ತಿದ್ದಾರೆಂದು ತಿಳಿಯುತ್ತದೆ.

ಡ್ರೈವರ್ ಮತ್ತು ಫರ್ಮ್‌ವೇರ್ ಎರಡನ್ನೂ ಒಂದೇ ದಿನ ಬದಲಿಸಬೇಡಿ, ಯಾವುದು ವಾಸಿ ಮಾಡಿತೆಂದು ಗೊತ್ತಾಗುವುದಿಲ್ಲ. ಡ್ರೈವರ್ ಬದಲಿಸಿದ ಮೇಲೆ ಇನಿಟ್‌ರ‍್ಯಾಮ್‌ಎಫ್‌ಎಸ್ ಮತ್ತೆ ಕಟ್ಟುವುದನ್ನು ಮರೆತರೆ ಬೂಟ್‌ನಲ್ಲಿ ಹಳೆಯದೇ ಲೋಡ್ ಆಗುತ್ತದೆ. ಮಾಡ್‌ಇನ್ಫೋ ಕಮಾಂಡ್ ತೋರಿಸುವುದು ಡಿಸ್ಕಿನ ಮೇಲಿರುವ ಫೈಲಿನ ಆವೃತ್ತಿಯನ್ನು, ಓಡುತ್ತಿರುವುದನ್ನಲ್ಲ. ಅದಕ್ಕೆ /ಸಿಸ್/ಮಾಡ್ಯೂಲ್ ಅಡಿಯಲ್ಲಿ ಡ್ರೈವರ್ ಹೆಸರಿನ ಡೈರೆಕ್ಟರಿಯಲ್ಲಿರುವ ವರ್ಷನ್ ಫೈಲನ್ನೇ ಓದಿ.